ಟೆಲಿಮಾರ್ಕ್ ಸ್ಕೀ: ಹಳೆಯ 75 ಮಿಲಿಮೀಟರ್ ಬೈಂಡಿಂಗೋ, ಎನ್‌ಟಿಎನ್ನೋ?

ಹಿಮದ ಮೇಲೆ ಜಾರುವ ಪಟ್ಟಿಯಾದ ಸ್ಕೀಗೆ ಹಿಮ್ಮಡಿಯನ್ನು ಬಿಗಿಯದೆ, ಮೊಣಕಾಲು ಬಾಗಿಸಿ ತಿರುಗುವುದೇ ಟೆಲಿಮಾರ್ಕ್. ನಾರ್ವೆಯಲ್ಲಿ 19ನೆಯ ಶತಮಾನದಲ್ಲಿ ಹುಟ್ಟಿದ ಈ ಶೈಲಿಗೆ ಸಲಕರಣೆ ಕೊಳ್ಳುವವರ ಮುಂದೆ ಇಂದು ಮುಖ್ಯವಾಗಿ ಎರಡು ದಾರಿಗಳಿವೆ: 75 ಮಿಲಿಮೀಟರ್ ಮತ್ತು ಎನ್‌ಟಿಎನ್ (ನ್ಯೂ ಟೆಲಿಮಾರ್ಕ್ ನಾರ್ಮ್). ಎರಡರಲ್ಲೂ ವ್ಯತ್ಯಾಸವಿರುವುದು ಬೂಟಿನಲ್ಲಿ ಮತ್ತು ಅದನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನಲ್ಲಿ.

75 ಮಿಲಿಮೀಟರ್ ವ್ಯವಸ್ಥೆಯ ಬೂಟಿನ ತುದಿ ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾಗಿ ಮುಂದಕ್ಕೆ ಚಾಚಿರುತ್ತದೆ. 1927ರಲ್ಲಿ ಬ್ರೂರ್ ವಿಥ್ ರೂಪಿಸಿದ ರೊಟ್ಟೆಫೆಲ್ಲಾ ಬೈಂಡಿಂಗ್ ಇದರ ಪೂರ್ವಜ. ಮೂರು ಪಿನ್‌ಗಳ ಮಾದರಿಯಲ್ಲಿ ಅಡಿಭಾಗದ ಮೂರು ರಂಧ್ರಗಳಿಗೆ ಪಿನ್‌ಗಳು ಕೂರುತ್ತವೆ; ಮೇಲಿನಿಂದ ತಂತಿಯ ಹಿಡಿ ಒತ್ತುತ್ತದೆ. ಸರಳ, ಅಗ್ಗ, ಕೆಟ್ಟರೆ ಕಾಡಿನ ನಡುವೆಯೂ ಸರಿಪಡಿಸಬಹುದು. ಆದರೆ ಬಿದ್ದಾಗ ಹೆಚ್ಚಿನವು ಕಳಚಿಕೊಳ್ಳುವುದಿಲ್ಲ; ಮೊಣಕಾಲಿನ ಬಗ್ಗೆ ಕಾಳಜಿಯುಳ್ಳವರು ಯೋಚಿಸಬೇಕು. ಬಳಸಿದ ಬೂಟು ಕೊಳ್ಳುವಾಗ ರಂಧ್ರಗಳ ಅಂಚು ಸವೆದಿದೆಯೇ ಎಂದು ಬೆರಳಿಟ್ಟು ನೋಡಿ. ಚರ್ಮದ ಬೂಟು ನೋಡಲು ಚೆಂದ, ಅಗಲದ ಸ್ಕೀಯನ್ನು ಆಳಲು ಅಶಕ್ತ. 1992ರಲ್ಲಿ ಸ್ಕಾರ್ಪಾ ಕಂಪನಿ ತಂದ ಪ್ಲಾಸ್ಟಿಕ್ ಬೂಟು ಟರ್ಮಿನೇಟರ್ ಆ ಕೊರತೆಯನ್ನು ನೀಗಿಸಿತು.

2007ರಲ್ಲಿ ರೊಟ್ಟೆಫೆಲ್ಲಾ ಕಂಪನಿ ಹೊರತಂದ ಎನ್‌ಟಿಎನ್‌ನಲ್ಲಿ ಕೊಕ್ಕಿಲ್ಲ. ಬೂಟಿನ ನಡುಭಾಗದ ಕೆಳಗೇ ಬೈಂಡಿಂಗ್ ಹಿಡಿಯುತ್ತದೆ. ಸ್ಕೀಯ ಅಂಚಿನ ಮೇಲೆ ಹಿಡಿತ ಹೆಚ್ಚು, ಹಲವು ಮಾದರಿಗಳಲ್ಲಿ ಬಿದ್ದಾಗ ಬೂಟು ಕಳಚಿಕೊಳ್ಳುವ ವ್ಯವಸ್ಥೆಯೂ ಇದೆ. ಬೆಲೆ ಮಾತ್ರ ಕೈ ಸುಡುತ್ತದೆ.

ಲಿಫ್ಟ್ ಹತ್ತಿ ಕಡಿದಾದ ಇಳಿಜಾರಿನಲ್ಲಿ ಇಳಿಯುವವರಿಗೆ ಎನ್‌ಟಿಎನ್ನೇ ಸರಿ. ತಗ್ಗು ಬೆಟ್ಟಗಳಲ್ಲಿ ನಿಧಾನವಾಗಿ ಅಲೆಯುವವರಿಗೆ 75 ಸಾಕು. ಒಂದರ ಬೂಟು ಇನ್ನೊಂದಕ್ಕೆ ಹೊಂದದು, ಆದ್ದರಿಂದ ಮೊದಲು ಕಾಲಿಗೊಪ್ಪುವ ಬೂಟು ಆರಿಸಿ.