ಅಮ್ಮ ಆರಿಸಿದ ಕಾರು: ಮೈಸೂರಿನಲ್ಲಿ ಬ್ರೆಜ್ಜಾದೊಂದಿಗೆ ಎರಡು ವರ್ಷ

ಮೊಣಕಾಲು ನೋವಿರುವ ಅಮ್ಮನಿಗೆ ಹತ್ತಿ ಇಳಿಯಲು ಸುಲಭವಾಗಿರಬೇಕು ಎಂಬುದೇ ಕಾರು ಆರಿಸುವಾಗ ನಮ್ಮ ಮೊದಲ ಷರತ್ತಾಗಿತ್ತು. ಆದ್ದರಿಂದ ಮೈಸೂರಿನ ಷೋರೂಮುಗಳಿಗೆ ಅವರನ್ನೇ ಕರೆದೊಯ್ದು, ನೋಡಿದ ಪ್ರತಿಯೊಂದು ಕಾರಿನ ಹಿಂದಿನ ಸೀಟಿನಲ್ಲಿಯೂ ಕೂರಿಸಿ ನೋಡಿದೆವು. ಒಂದರಲ್ಲಿ ತಲೆ ಬಗ್ಗಿಸಬೇಕಾಯಿತು, ಇನ್ನೊಂದರಲ್ಲಿ ಬಾಗಿಲು ಕಿರಿದೆನಿಸಿತು, ಮಾರುತಿ ಸುಜುಕಿ ಬ್ರೆಜ್ಜಾದಲ್ಲಿ ಮಾತ್ರ ಅವರು ಯಾರ ಕೈಯನ್ನೂ ಹಿಡಿಯದೆ ಕುಳಿತರು. ನನ್ನ ಮಟ್ಟಿಗೆ ಆಯ್ಕೆ ಅಲ್ಲಿಗೇ ಮುಗಿದಿತ್ತು.

3,995 ಮಿಲಿಮೀಟರ್ ಉದ್ದದ ಈ ಕಾರನ್ನು ಶಿವರಾಂಪೇಟೆಯ ಇಕ್ಕಟ್ಟಿನಲ್ಲಿಯೂ ದೇವರಾಜ ಅರಸು ರಸ್ತೆಯ ಪಾರ್ಕಿಂಗಿನಲ್ಲಿಯೂ ನಿರಾಯಾಸವಾಗಿ ತಿರುಗಿಸಬಹುದು. ಗ್ರೌಂಡ್ ಕ್ಲಿಯರೆನ್ಸ್ 198 ಮಿಲಿಮೀಟರ್ ಇರುವುದರಿಂದ, ನಮ್ಮ ಕುವೆಂಪುನಗರದ ರಸ್ತೆಯುಬ್ಬುಗಳಿಗೆ ಐವರು ಕುಳಿತಾಗಲೂ ತಳ ತಾಗಿಲ್ಲ. ನಾಲ್ಕು ಸಿಲಿಂಡರಿನ 1.5 ಲೀಟರ್ ಪೆಟ್ರೋಲ್ ಎಂಜಿನ್ ಸಿಗ್ನಲ್‌ಗಳ ನಡುವಿನ ನಿಧಾನ ಸಂಚಾರದಲ್ಲಿ ಬಹಳ ನಯವಾಗಿ ಎಳೆಯುತ್ತದೆ. ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಬಲ ಹೆಚ್ಚಿಸುವ ಟರ್ಬೊ ಇದರಲ್ಲಿ ಇಲ್ಲವಾದುದರಿಂದ ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಸಕಾಲಕ್ಕೆ ಗೇರ್ ಇಳಿಸುವ ಅಭ್ಯಾಸ ಬೇಕು. 328 ಲೀಟರಿನ ಡಿಕ್ಕಿ ವಾರದ ಸಂತೆಗೆ ಧಾರಾಳವಾಯಿತು.

ಈಗ ಕೊಳ್ಳುವವರು ತೆರಿಗೆಯನ್ನು ಅಗತ್ಯವಾಗಿ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಶೇ 18ರ ಜಿಎಸ್‌ಟಿ ದೊರೆಯಲು ಪೆಟ್ರೋಲ್ ಕಾರಿನ ಉದ್ದ 4 ಮೀಟರನ್ನು ಮೀರದಿದ್ದರಷ್ಟೇ ಸಾಲದು, ಎಂಜಿನ್ ಕೂಡ 1,200 ಸಿಸಿಯನ್ನು ಮೀರಬಾರದು. ನಮ್ಮ ಬ್ರೆಜ್ಜಾದ ಎಂಜಿನ್ 1,462 ಸಿಸಿಯದು; ಅಂಥದ್ದಕ್ಕೆ ಶೇ 40 ಅನ್ವಯಿಸುತ್ತದೆ. ಹಾಗಿದ್ದೂ, ಅಮ್ಮನನ್ನು ಮತ್ತೊಮ್ಮೆ ಷೋರೂಮಿಗೆ ಕರೆದೊಯ್ದರೆ ನಾನು ಇದೇ ಕಾರನ್ನು ತರುತ್ತೇನೆ.