ಮನೋಭಾವದ ಪಾಠಗಳು: ಕೋರ್ಸ್ ಒಳ್ಳೆಯದು, ಒಂದು ಪಾಠಕ್ಕೆ ಮಾತ್ರ ನನ್ನ ತಕರಾರು

ಸಮೀಕ್ಷೆಗಳಿಗೆ ಪ್ರಶ್ನಾವಳಿ ಬರೆಯುವುದು ನನ್ನ ಕೆಲಸ. ಜನ ಹೇಳುವುದಕ್ಕೂ ಮಾಡುವುದಕ್ಕೂ ಯಾಕೆ ತಾಳೆಯಾಗುವುದಿಲ್ಲ ಎಂದು ತಿಳಿಯಲು ಮನೋಭಾವದ ಕುರಿತ ಈ ಆನ್‌ಲೈನ್ ಕೋರ್ಸಿಗೆ ಸೇರಿದೆ.

ಆರಂಭ ಸಪ್ಪೆ. ಮನೋಭಾವವೆಂದರೆ ಅನುಭವದಿಂದ ರೂಪುಗೊಂಡ ಮಾನಸಿಕ ಸನ್ನದ್ಧತೆ ಎಂಬ ಮನಶ್ಶಾಸ್ತ್ರಜ್ಞ ಆಲ್‌ಪೋರ್ಟ್ ಅವರ 1935ರ ವ್ಯಾಖ್ಯೆ, ನಂಬಿಕೆ-ಭಾವನೆ-ವರ್ತನೆ ಎಂಬ ಮೂರು ಅಂಗಗಳು, ಎಲ್ಲವೂ ಓದಿ ಒಪ್ಪಿಸಿದಂತಿವೆ.

ಸಮಾಜಶಾಸ್ತ್ರಜ್ಞ ಲಾಪಿಯರ್ ಅವರ ಅಧ್ಯಯನಕ್ಕೆ ಬಂದಾಗ ಪಾಠಕ್ಕೆ ಜೀವ ಬರುತ್ತದೆ. ಅಮೆರಿಕದಲ್ಲಿ ಚೀನೀ ದಂಪತಿಯೊಂದಿಗೆ ಸುತ್ತಾಡಿದ ಅವರು 251 ವಸತಿಗೃಹ, ಉಪಾಹಾರಗೃಹಗಳಿಗೆ ಹೋದರು. ಒಂದು ಕಡೆ ಮಾತ್ರ ಪ್ರವೇಶ ಸಿಗಲಿಲ್ಲ, ಉಳಿದೆಲ್ಲ ಕಡೆ ಬರಮಾಡಿಕೊಂಡರು. ತಿಂಗಳುಗಳ ನಂತರ ಅದೇ ಸ್ಥಳಗಳಿಗೆ ಪತ್ರ ಬರೆದು, ಚೀನೀಯರಿಗೆ ಅವಕಾಶ ಕೊಡುವಿರಾ ಎಂದು ಕೇಳಿದರು. ಉತ್ತರಿಸಿದ 128ರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. ಇದು 1934ರಲ್ಲಿ ಪ್ರಕಟವಾಯಿತು. ಅಧ್ಯಾಪಕಿ ಇಷ್ಟಕ್ಕೇ ನಿಲ್ಲಿಸದೆ, ಪತ್ರಕ್ಕೆ ಉತ್ತರಿಸಿದವರೇ ಬಾಗಿಲಲ್ಲಿ ಬರಮಾಡಿಕೊಂಡವರೆಂದು ಹೇಗೆ ಹೇಳುವುದು ಎಂದು ಕೇಳುತ್ತಾರೆ. ಎದುರಿಗೆ ನಗುತ್ತ ನಿಂತ ಇಬ್ಬರು ಬೇರೆ, ಕಾಗದದ ಮೇಲಿನ ಒಂದು ಜನಾಂಗದ ಹೆಸರು ಬೇರೆ ಎನ್ನುತ್ತಾರೆ. ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ನನ್ನ ಕೆಲಸಕ್ಕೆ ನೇರವಾಗಿ ಒದಗಿದ್ದು ಅದರ ಮುಂದಿನ ಪಾಠ. 1979ರ ಅಧ್ಯಯನವೊಂದರಲ್ಲಿ ಗರ್ಭನಿರೋಧದ ಬಗ್ಗೆ ಮಹಿಳೆಯರ ಸಾಮಾನ್ಯ ಅಭಿಪ್ರಾಯಕ್ಕೂ ಅವರು ಮುಂದೆ ಮಾತ್ರೆ ಬಳಸಿದ್ದಕ್ಕೂ ಇದ್ದ ಸಹಸಂಬಂಧ (ಎರಡು ಸಂಗತಿಗಳು ಎಷ್ಟು ತಾಳೆಯಾಗುತ್ತವೆ ಎಂಬ ಅಳತೆ; 0 ಎಂದರೆ ತಾಳೆಯೇ ಇಲ್ಲ, 1 ಎಂದರೆ ಪೂರ್ತಿ ತಾಳೆ) ಕೇವಲ 0.08. ಮುಂದಿನ ಎರಡು ವರ್ಷಗಳಲ್ಲಿ ನೀವೇ ಮಾತ್ರೆ ಬಳಸುವುದರ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದಾಗ ಅದು 0.57ಕ್ಕೆ ಏರಿತು. ಯಾವ ವರ್ತನೆ, ಯಾವ ಅವಧಿ ಎಂಬುದನ್ನು ಪ್ರಶ್ನೆಯಲ್ಲೇ ಹೇಳಬೇಕು. ಆ ರಾತ್ರಿಯೇ ಕೈಯಲ್ಲಿದ್ದ ಪ್ರಶ್ನಾವಳಿ ತೆರೆದು, ‘ರಕ್ತದಾನ ಒಳ್ಳೆಯದೇ?’ ಎಂಬುದನ್ನು ಹೊಡೆದುಹಾಕಿ ‘ಬರುವ ಮೂರು ತಿಂಗಳಲ್ಲಿ ನೀವು ರಕ್ತ ಕೊಡುವುದು ನಿಮಗೆ ಹೇಗನ್ನಿಸುತ್ತದೆ?’ ಎಂದು ಬರೆದೆ.

ತಕರಾರು ಇರುವುದು 1998ರಲ್ಲಿ ಬಂದ, ನಮಗೇ ಅರಿವಿಲ್ಲದ ಒಲವುಗಳನ್ನು ಅಳೆಯಲು ಹೊರಟ ಸುಪ್ತ ಮನೋಭಾವದ ಪರೀಕ್ಷೆಯ ಪಾಠದಲ್ಲಿ. ಪರದೆಯ ಮೇಲೆ ಬರುವ ಪದ, ಚಿತ್ರಗಳನ್ನು ವಿಂಗಡಿಸಲು ಗುಂಡಿ ಒತ್ತುವ ವೇಗ ನೋಡಿ ಒಳಗಿನ ನಿಜ ಬಣ್ಣ ಬಯಲಾಗುತ್ತದೆ ಎಂಬಂತೆ ಅಲ್ಲಿ ಹೇಳಿದ್ದಾರೆ. ಒಬ್ಬರೇ ಮತ್ತೊಂದು ದಿನ ಪರೀಕ್ಷೆಗೆ ಕುಳಿತರೆ ಅಂಕ ಗಣನೀಯವಾಗಿ ಬದಲಾಗಬಹುದು ಎಂಬ ಮುಖ್ಯ ಸಂಗತಿಯನ್ನೇ ಬಿಟ್ಟಿದ್ದಾರೆ. ಈ ಪಾಠ ಕೇಳಿ ಯಾರಾದರೂ ತಮ್ಮನ್ನು ಪಕ್ಷಪಾತಿಯೆಂದು ತೀರ್ಮಾನಿಸಿಕೊಂಡರೆ ಅನ್ಯಾಯ. ಅದನ್ನು ತಿದ್ದಿ ಮತ್ತೆ ಚಿತ್ರೀಕರಿಸಿ ಎಂದು ಕೋರ್ಸಿನವರಿಗೆ ಬರೆದಿದ್ದೇನೆ. ಅಲ್ಲಿಯವರೆಗೆ ಸೇರುವವರು ಆ ಪಾಠವೊಂದನ್ನು ಬಿಟ್ಟು ಉಳಿದದ್ದನ್ನು ಧಾರಾಳವಾಗಿ ಕೇಳಬಹುದು.