ಗಂಗಾವತಿಯ ಬಿಸಿಲಿಗೆ ಯಾವ ಎನ್‌ಡಿ ಫಿಲ್ಟರ್: ವೇರಿಯಬಲ್ಲೋ, ಫಿಕ್ಸೆಡ್ಡೋ?

ಗಂಗಾವತಿ, ಆನೆಗೊಂದಿ, ಸಣಾಪುರದ ಕಡೆ ಹಗಲಿನಲ್ಲಿ ಚಿತ್ರೀಕರಣ ಮಾಡುವವರು ಫಿಕ್ಸೆಡ್ ಎನ್‌ಡಿಗಳನ್ನೇ ಕೊಳ್ಳುವುದು ಒಳ್ಳೆಯದು. ಎನ್‌ಡಿ ಎಂದರೆ ಲೆನ್ಸಿನ ಮುಂದೆ ಹಾಕಿ ಒಳಬರುವ ಬೆಳಕನ್ನು ತಗ್ಗಿಸುವ ಕಪ್ಪು ಗಾಜು; ಫಿಕ್ಸೆಡ್‌ನಲ್ಲಿ ತಗ್ಗಿಸುವ ಪ್ರಮಾಣ ಒಂದೇ, ವೇರಿಯಬಲ್‌ನಲ್ಲಿ ಅದನ್ನು ಬದಲಿಸಬಹುದು. ವೇರಿಯಬಲ್ ಎನ್‌ಡಿಯನ್ನೂ ಇದೇ ಬಿಸಿಲಿನಲ್ಲಿ ಸಾಕಷ್ಟು ಕಾಲ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಚಲನೆ ಸಹಜವಾಗಿ ಕಾಣಬೇಕಾದರೆ ಶಟರ್ 1/50 ಸೆಕೆಂಡಿನಲ್ಲಿರಬೇಕು. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ದೀಪಗಳು ಚಿತ್ರದಲ್ಲಿ ಆ ವೇಗದಲ್ಲಿ ಮಿಣುಕುವುದೂ ಇಲ್ಲ. ಲಾಗ್‌ನಲ್ಲಿ, ಅಂದರೆ ಆಮೇಲೆ ಬಣ್ಣ ತಿದ್ದಲೆಂದು ಮಂಕಾಗಿ ದಾಖಲಿಸುವ ವಿಧಾನದಲ್ಲಿ, ನನ್ನ ಕ್ಯಾಮೆರಾದ ಮೂಲ ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 800. ಇವೆರಡನ್ನೂ ಕದಲಿಸದೆ ನಡುಹಗಲಿನಲ್ಲಿ ಲೆನ್ಸಿನ ತೆರಪನ್ನು ಎಫ್/4ರಲ್ಲಿ ಇಡಬೇಕೆಂದರೆ ಸುಮಾರು 8 ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ), ಅಂದರೆ 256ರಲ್ಲಿ ಒಂದು ಪಾಲಿನಷ್ಟಕ್ಕೆ ಬೆಳಕನ್ನು ಇಳಿಸಬೇಕಾಗುತ್ತದೆ.

ವೇರಿಯಬಲ್ ಎನ್‌ಡಿಯ ಅನುಕೂಲ ಎಲ್ಲರಿಗೂ ಗೊತ್ತಿರುವುದೇ: ಉಂಗುರ ತಿರುಗಿಸಿದರೆ ಸಾಕು. ತೊಂದರೆ ಇರುವುದು ಅದರ ರಚನೆಯಲ್ಲಿ. ಅದರೊಳಗೆ ಎರಡು ಪೋಲರೈಸರ್ ಗಾಜುಗಳಿದ್ದು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವ ಗಾಜುಗಳು), ಮುಂದಿನ ಗಾಜು ತಿರುಗಿದಂತೆಲ್ಲ ಬೆಳಕಿನ ಜೊತೆಗೆ ಪ್ರತಿಫಲನವೂ ಬದಲಾಗುತ್ತದೆ. ನಾಟಿಗೆಂದು ನೀರು ನಿಲ್ಲಿಸಿದ ಗದ್ದೆಯನ್ನು ಒಂದು ಶಾಟ್‌ನಲ್ಲಿ ತೆಗೆದು, ಮೋಡ ಸರಿದ ಮೇಲೆ ಎಕ್ಸ್‌ಪೋಷರ್ ಸರಿಪಡಿಸಲು ಉಂಗುರವನ್ನು ತುಸು ತಿರುಗಿಸಿ ಮತ್ತೊಂದು ಶಾಟ್ ತೆಗೆದರೆ, ಮೊದಲನೆಯದರಲ್ಲಿ ಆಕಾಶವನ್ನು ತೋರಿಸುತ್ತಿದ್ದ ನೀರು ಎರಡನೆಯದರಲ್ಲಿ ಕೆಸರನ್ನು ತೋರಿಸುತ್ತದೆ.

ಪ್ಯಾನ್ ಮಾಡುವಾಗ ಇದು ಇನ್ನೂ ಕಾಡುತ್ತದೆ. ತುಂಗಭದ್ರೆಯ ದಂಡೆಯಲ್ಲಿ ಹರಿಗೋಲನ್ನು ಹಿಂಬಾಲಿಸಿ ಬಂಡೆಗಳವರೆಗೆ ಕ್ಯಾಮೆರಾ ತಿರುಗಿಸಿದಾಗ ನೀರಿನ ಹೊಳಪು ನಡುವೆಯೇ ಆರಿಹೋಗುತ್ತಿತ್ತು, ಆಕಾಶದ ಒಂದು ಬದಿ ಮಾತ್ರ ಕಪ್ಪಿಡುತ್ತಿತ್ತು. ವೈಡ್ ಲೆನ್ಸ್ ಹಾಕಿ ಗರಿಷ್ಠ ಸಾಂದ್ರತೆಗೆ ತಿರುಗಿಸಿದರೆ ಫ್ರೇಮಿನ ಮೇಲೆ ಕತ್ತರಿ ಗುರುತಿನಂತೆ ಕಪ್ಪು ಪಟ್ಟೆಗಳು ಬೀಳುತ್ತಿದ್ದವು. ಆಮೇಲೆ ಬಣ್ಣ ತಿದ್ದುವ ಕಲರ್ ಗ್ರೇಡಿಂಗ್‌ನಲ್ಲಿ ಎಷ್ಟು ಹೊತ್ತು ಕುಳಿತರೂ ಕಳೆದುಹೋದ ಪ್ರತಿಫಲನ ಮರಳುವುದಿಲ್ಲ.

ಈಗ ನನ್ನ ಬಳಿ 3 ಮತ್ತು 6 ಸ್ಟಾಪ್‌ನ ಎರಡು ಫಿಕ್ಸೆಡ್ ಎನ್‌ಡಿಗಳಿವೆ. 6 ಸ್ಟಾಪ್‌ನದೊಂದೇ ಹಾಕಿದರೆ ನಡುಹಗಲಿನಲ್ಲಿ ಸುಮಾರು ಎಫ್/8, ಎರಡನ್ನೂ ಜೋಡಿಸಿದರೆ ಎಫ್/2.8ರ ಹತ್ತಿರ ಬರುತ್ತದೆ. ಇವುಗಳಿಗೂ ಒಂದು ಕೊರತೆಯಿದೆ: ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣವನ್ನು ತಡೆಯದ ದಟ್ಟ ಎನ್‌ಡಿಯಲ್ಲಿ ಕಪ್ಪು ಬಟ್ಟೆ ಕಂದು ಬಣ್ಣಕ್ಕೆ ತಿರುಗುವುದುಂಟು, ಆದ್ದರಿಂದ ಅದನ್ನು ತಡೆಯುವ ಲೇಪನವಿರುವುದನ್ನೇ ಆರಿಸಿಕೊಂಡೆ.

ಒಳ್ಳೆಯ ವೇರಿಯಬಲ್ ಒಂದಕ್ಕೆ ಕೊಟ್ಟಷ್ಟೇ ಹಣದಲ್ಲಿ ನನಗೆ ಈ ಎರಡೂ ದೊರೆತವು. ನಾನು ಟ್ರೈಪಾಡ್ ಇಟ್ಟು ನಿಧಾನವಾಗಿ ಕೆಲಸ ಮಾಡುವವನು, ಫಿಲ್ಟರ್ ಬದಲಿಸುವ ಸಮಯ ನನಗೆ ಹೊರೆಯಲ್ಲ. ಮದುವೆಯ ಚಪ್ಪರದಿಂದ ಬಯಲಿಗೆ ಮೆರವಣಿಗೆಯ ಜೊತೆಗೇ ಓಡಬೇಕಾದವರಿಗೆ ವೇರಿಯಬಲ್ಲೇ ಸರಿ. ಯಾವುದನ್ನು ಕೊಂಡರೂ ನಿಮ್ಮಲ್ಲಿರುವ ಅತಿ ದೊಡ್ಡ ಲೆನ್ಸಿನ ಅಳತೆಗೇ ಕೊಳ್ಳಿರಿ. ಉಳಿದ ಲೆನ್ಸ್‌ಗಳಿಗೆ, ದೊಡ್ಡ ಫಿಲ್ಟರನ್ನು ಚಿಕ್ಕ ಲೆನ್ಸಿಗೆ ಕೂರಿಸುವ ಸ್ಟೆಪ್‌ಅಪ್ ರಿಂಗ್ ಸಾಕಾಗುತ್ತದೆ.